ನೈಸರ್ಗಿಕವೆಂದರೆ ನಿರಪಾಯವೇ?

"ಗಿಡಮೂಲಿಕೆ ತಾನೇ, ಅಡ್ಡಪರಿಣಾಮವಿಲ್ಲ" ಎಂಬ ಮಾತನ್ನು ವಿದ್ಯಾವಂತರೂ ನಂಬುತ್ತಿರುವುದು ಖೇದಕರ.

ನಮ್ಮ ಅಂಗಳದ ನಿತ್ಯಪುಷ್ಪವನ್ನೇ ತೆಗೆದುಕೊಳ್ಳಿ. 1950ರ ದಶಕದಲ್ಲಿ ಕೆನಡಾದ ನೋಬಲ್ ಮತ್ತು ಬಿಯರ್ ಅದನ್ನು ಮಧುಮೇಹಕ್ಕೆಂದು ಪರೀಕ್ಷಿಸಿದರು. ಇಲಿಗಳ ರಕ್ತದಲ್ಲಿ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು! ಕ್ಯಾನ್ಸರ್ ಔಷಧವಾದ ವಿನ್‌ಬ್ಲಾಸ್ಟಿನ್ ದೊರೆತದ್ದು ಹೀಗೆ.

ಈರುಳ್ಳಿ ಬೇರಿನ ತುದಿಯಲ್ಲಿ ನೀವು ಕಂಡ ಕೋಶವಿಭಜನೆ ನೆನಪಿದೆಯೇ? ವಿನ್‌ಬ್ಲಾಸ್ಟಿನ್ ಸೋಕಿದ ಜೀವಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ವರ್ಣತಂತುಗಳನ್ನು ಎಳೆಯಬೇಕಾದ ಸೂಕ್ಷ್ಮನಾಳಗಳು ಸರಿಯಾಗಿ ಕಟ್ಟಿಕೊಂಡಿರುವುದಿಲ್ಲ. ವಿಭಜನೆ ನಡುವೆಯೇ ನಿಂತಿರುತ್ತದೆ. ಯೂ ಮರದ ತೊಗಟೆಯ ಟ್ಯಾಕ್ಸಾಲ್ ಇದಕ್ಕೆ ವಿರುದ್ಧ. ಅದು ಆ ನಾಳಗಳನ್ನು ಕಳಚದಂತೆ ಬಿಗಿಯುತ್ತದೆಂದು 1979ರಲ್ಲಿ ಸೂಸನ್ ಹಾರ್ವಿಟ್ಜ್ ತಂಡ ತೋರಿಸಿತು. ಇವೇ ನಾಳಗಳು ನರಗಳಲ್ಲಿಯೂ ಇವೆ. ಆದ್ದರಿಂದಲೇ ಈ ಔಷಧಗಳಿಂದ ಕೈಕಾಲು ಜೋಮು ಹಿಡಿಯುವುದುಂಟು. ರೋಗವನ್ನು ತಡೆಯುವ ಕ್ರಿಯೆಯೇ ದೇಹವನ್ನೂ ನೋಯಿಸುತ್ತದೆ.

ಇಂದು 'ಸೆಲ್ ಪೇಂಟಿಂಗ್' ವಿಧಾನದಲ್ಲಿ 6 ಬಣ್ಣಗಳಿಂದ ಕೋಶದ 8 ಭಾಗಗಳನ್ನು ಬೆಳಗಿಸಿ, ಅಪರಿಚಿತ ವಸ್ತುವು ಉಂಟುಮಾಡಿದ ಬದಲಾವಣೆಯನ್ನು ಪರಿಚಿತ ಔಷಧಗಳದರೊಡನೆ ಗಣಕಯಂತ್ರದಿಂದ ಹೋಲಿಸುತ್ತಾರೆ. ಚಿತ್ರವು ಅಂತಿಮ ಪ್ರಮಾಣವಲ್ಲ ನಿಜ. ಆದರೆ ಎಲ್ಲಿ ಹುಡುಕಬೇಕೆಂದು ಅದು ಹೇಳುತ್ತದೆ.

ಇದು ಪರಂಪರೆಗೆ ಅವಮಾನವೆನ್ನುವವರನ್ನು ನಾನು ಒಪ್ಪಲಾರೆ. ಮೂಲಿಕೆಯನ್ನು ಪರೀಕ್ಷಿಸದೆ ಪೂಜಿಸುವುದೇ ಅದಕ್ಕೆ ಮಾಡುವ ಅವಮಾನ. ಪ್ರಿಯ ವಿದ್ಯಾರ್ಥಿಗಳೇ, ಮುಂದೆ ಯಾರಾದರೂ ಸೀಸೆ ಹಿಡಿದು ಬಂದರೆ, "ಇದು ಜೀವಕೋಶದಲ್ಲಿ ಏನು ಮಾಡುತ್ತದೆ?" ಎಂದು ತಪ್ಪದೆ ಕೇಳಿ.