ಸೈನಿಕ ಮಾದರಿಯ ಅಗ್ಗದ ಚಾಕು: ಪ್ರತಿಕೃತಿಯನ್ನು ಪ್ರತಿಕೃತಿಯೆಂದೇ ಮಾರುವುದು ಲೇಸು

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳ ಪೇಟೆಗಳಲ್ಲಿ ಅಲಗಿನ ಸಾಮಾನುಗಳ ವ್ಯಾಪಾರ ಹೊಸದೇನಲ್ಲ. ಘಟಪ್ರಭೆಯ ನೀರುಂಡ ಈ ಕಬ್ಬಿನ ಸೀಮೆಯಲ್ಲಿ ಕೊಯ್ತಾ, ಕುಡಗೋಲು, ಕೊಡಲಿ, ಈಳಿಗೆಗಳು ತಲೆಮಾರುಗಳಿಂದ ಮಾರಾಟವಾಗುತ್ತ ಬಂದಿವೆ. ಈ ಸಾಮಾನುಗಳ ವಿಷಯದಲ್ಲಿ ಕೊಳ್ಳುವವನಿಗೂ ಮಾರುವವನಿಗೂ ತಿಳಿವಳಿಕೆ ಸಮನಾಗಿತ್ತು. ರೈತನು ಅಲಗನ್ನು ಬಾರಿಸಿ ನಾದ ಕೇಳುತ್ತಿದ್ದನು. ಹಂಗಾಮಿನ ನಡುವೆ ಬಾಯಿ ಮುರಿದರೆ ಅದೇ ಕಂಬಾರನ ಕುಲುಮೆಗೆ ಮರಳಿ ತರುತ್ತಿದ್ದನು. ಮಾಡಿದವನ ಮುಖ ಎಲ್ಲರಿಗೂ ಪರಿಚಿತವಾಗಿದ್ದುದರಿಂದ ಲಿಖಿತ ಭರವಸೆಯ ಅಗತ್ಯವೇ ಬೀಳುತ್ತಿರಲಿಲ್ಲ.

ಆದರೆ ಈಗ ಬೇರೊಂದು ಬಗೆಯ ಅಲಗು ಪೇಟೆಗೆ ಬಂದಿದೆ. ಅದು ಹೊರದೇಶದ ಸೈನ್ಯಗಳು ಬಳಸಿದ ಮಡಚದ ಚಾಕುಗಳ ರೂಪವನ್ನು ಹೋಲುವ, ಕೆಲವೇ ನೂರು ರೂಪಾಯಿಗಳಿಗೆ ದೊರೆಯುವ ಪ್ರತಿಕೃತಿ. ಹಾರ್ಡ್‌ವೇರ್ ಅಂಗಡಿ, ಪ್ರವಾಸಿ ತಾಣದ ಮಳಿಗೆ, ಆನ್‌ಲೈನ್ ಮಾರಾಟ ಎಲ್ಲ ಕಡೆಗೂ ಇದು ಸಿಗುತ್ತದೆ. ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ನೋಡಲು ಬರುವ ತರುಣನಿಗೆ ಇದು ಒಂದು ಆಕರ್ಷಣೆ. ಚಾರಣಕ್ಕೆ ಹೊರಟ ವಿದ್ಯಾರ್ಥಿಗೆ ಉಪಕರಣ. ಹೊಲದಲ್ಲಿ ಒಂದು ಗಟ್ಟಿ ಚಾಕು ಇರಲೆಂಬ ರೈತನಿಗೆ ಕೆಲಸದ ವಸ್ತು. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ತರಬೇತಿ ಪಡೆದು ನಿವೃತ್ತನಾದ ಯೋಧನಿಗೆ ಗೋಡೆಯ ಮೇಲಿನ ನೆನಪು. ನಾಲ್ವರ ಅಗತ್ಯಗಳೂ ಬೇರೆ ಬೇರೆ. ಅಂಗಡಿಯಲ್ಲಿ ಮಾತ್ರ ನಾಲ್ವರಿಗೂ ಒಂದೇ ಚಾಕುವನ್ನು, ಒಂದೇ ಮಾತಿನಲ್ಲಿ, “ಮಿಲಿಟರಿ ಮಾಲು” ಎಂದು ತೋರಿಸಲಾಗುತ್ತಿದೆ. ಈ ಒಂದು ಮಾತಿನಿಂದ ಕೊಳ್ಳುವವನ ಕೈಗೂ ಮಾರುವವನ ಪತಕ್ಕೂ ಅಪಾಯವಿದೆ ಎಂಬುದನ್ನು ವರ್ತಕ ಸಮುದಾಯ ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಮೂಲ ಮಾದರಿಗಳು

ಇಂದು ನಕಲಾಗುತ್ತಿರುವ ಮಾದರಿಗಳಲ್ಲಿ ಎರಡು ಪ್ರಸಿದ್ಧವಾದವು. ಮೊದಲನೆಯದು ಬ್ರಿಟಿಷ್ ಕಮಾಂಡೊಗಳ ಫೇರ್‌ಬೇರ್ನ್–ಸೈಕ್ಸ್ ಕಠಾರಿ. ಶಾಂಘೈ ಪೊಲೀಸ್ ದಳದಲ್ಲಿ ಸೇವೆ ಸಲ್ಲಿಸಿದ್ದ ಇಬ್ಬರು ರೂಪಿಸಿದ ಇದನ್ನು ವಿಲ್ಕಿನ್ಸನ್ ಸ್ವೋರ್ಡ್ ಸಂಸ್ಥೆ 1941ರಲ್ಲಿ ತಯಾರಿಸತೊಡಗಿತು. ಕಿರಿದಾದ ಅಲಗು, ಎರಡೂ ಬದಿಗೆ ಬಾಯಿ, ಚೂಪಾದ ತುದಿ. ಇದನ್ನು ರೂಪಿಸಿದ್ದು ಇರಿಯುವುದಕ್ಕೆಂದು ಮಾತ್ರ. ಎರಡನೆಯದು ಅಮೆರಿಕದ ಮೆರೀನ್ ದಳ 1942ರಲ್ಲಿ ಸ್ವೀಕರಿಸಿದ, ಕಾ-ಬಾರ್ ಎಂಬ ಹೆಸರಿನಿಂದ ಖ್ಯಾತವಾದ ಚಾಕು. ಏಳು ಇಂಚಿನ ಅಗಲವಾದ ಅಲಗು, ತೊಗಲಿನ ಬಿಲ್ಲೆಗಳನ್ನು ಒತ್ತೊತ್ತಾಗಿ ಪೋಣಿಸಿದ ಹಿಡಿ. ಯುದ್ಧದಲ್ಲಿ ಬಳಸಿದಷ್ಟೇ ಪೆಟ್ಟಿಗೆ ತೆರೆಯಲು, ಕಟ್ಟಿಗೆ ಸೀಳಲು, ಹಗ್ಗ ಕೊಯ್ಯಲು ಸೈನಿಕರು ಇದನ್ನು ಬಳಸಿದರು.

ಮೊದಲನೆಯದರ ನಕಲನ್ನು ಹೊಲದ ಕೆಲಸಕ್ಕೆಂದು ಮಾರುವುದು ಸರಿಯಲ್ಲ. ಅದು ಮೂಲದಲ್ಲಿಯೇ ಕೆಲಸದ ಚಾಕು ಆಗಿರಲಿಲ್ಲ. ಎರಡನೆಯದರ ನಕಲು ಕೆಲಸಕ್ಕೆ ಬರುವುದೋ ಇಲ್ಲವೋ ಎಂಬುದು ಉಕ್ಕನ್ನೂ ಕಟ್ಟೋಣವನ್ನೂ ಅವಲಂಬಿಸಿದೆ. ಒರೆಯ ಬಣ್ಣವಾಗಲಿ, ಅಲಗಿನ ಮೇಲೆ ಒತ್ತಿದ ಅಕ್ಷರಗಳಾಗಲಿ ಇದನ್ನು ಹೇಳಲಾರವು.

ಅಲಂಕಾರದ ಅಲಗು ಮತ್ತು ಕೆಲಸದ ಅಲಗು ಬೇರೆಯೆಂಬ ವಿವೇಕ ಕನ್ನಡ ನಾಡಿಗೆ ಹೊಸದಲ್ಲ. ಕೊಡಗಿನ ಮದುವೆಯಲ್ಲಿ ವರನ ಸೊಂಟದ ಚೇಲೆಗೆ ಬೆಳ್ಳಿಯ ಕುಸುರಿಯ ಪೀಚೆಕತ್ತಿ ಭೂಷಣವಾಗಿರುತ್ತದೆ. ಬಾಳೆಯ ದಿಂಡನ್ನು ಕಡಿಯುವ ಶಾಸ್ತ್ರಕ್ಕೆ ಅಗಲವಾದ ಒಡಿಕತ್ತಿಯೇ ಬೇಕು. ಒಂದರ ಕೆಲಸವನ್ನು ಇನ್ನೊಂದರಿಂದ ಯಾರೂ ಬಯಸುವುದಿಲ್ಲ. ಪೇಟೆಯ ಪ್ರತಿಕೃತಿಗಳಿಗೂ ಇದೇ ವಿಂಗಡಣೆ ಅನ್ವಯಿಸಬೇಕು.

ಬೆಲೆ ಇಳಿಯುವುದು ಎಲ್ಲಿಂದ?

ಮೂಲ ಚಾಕುವಿನ ಬೆಲೆ ಇಂದು ಹಲವು ಸಾವಿರ ರೂಪಾಯಿ. ಅದೇ ಆಕಾರದ ವಸ್ತು ಅದರ ಹತ್ತನೆಯ ಒಂದು ಪಾಲಿಗೆ ಸಿಗುವಾಗ ಎಲ್ಲಿಯೋ ಕಡಿತವಾಗಿರಲೇಬೇಕು. ಸಾಮಾನ್ಯವಾಗಿ ಮೂರು ಕಡೆ ಆ ಕಡಿತ ನಡೆದಿರುತ್ತದೆ.

ಮೊದಲನೆಯದು ಉಕ್ಕು. ಕಾ-ಬಾರ್ ಮಾದರಿಗೆ ಶೇ. 0.95ರಷ್ಟು ಇಂಗಾಲವಿರುವ 1095 ವರ್ಗದ ಉಕ್ಕನ್ನು ಬಳಸುತ್ತಾರೆ. ಅಗ್ಗದ ಪ್ರತಿಕೃತಿಗಳಲ್ಲಿ ಹೆಚ್ಚಾಗಿ ಕಾಣುವುದು 420 ವರ್ಗದ, ಕಡಿಮೆ ಇಂಗಾಲದ ಸ್ಟೇನ್‌ಲೆಸ್ ಉಕ್ಕು. ಅದು ತುಕ್ಕು ಹಿಡಿಯದು, ಹೊಳಪು ಚೆನ್ನ. ಆದರೆ ಬಾಯಿ ಬೇಗ ಮೊಂಡಾಗುತ್ತದೆ. ಗೋಡೆಗೆ ತೂಗುಹಾಕುವವನಿಗೆ ಇದೇ ಒಳ್ಳೆಯದು. ದಿನವೂ ಕೆಲಸಕ್ಕೆ ಬೇಕಾದವನಿಗೆ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕಂಬಾರನು ಬಡಿದುಕೊಟ್ಟ ಚಾಕು ಇದಕ್ಕಿಂತ ಹೆಚ್ಚು ಬಾಳಿಕೆ ಬಂದೀತು. ಸ್ಪ್ರಿಂಗ್ ಉಕ್ಕಿನಲ್ಲಿ ಇಂಗಾಲ ಶೇ. 0.5ರಿಂದ 0.6ರಷ್ಟಿದ್ದು, ಪೆಟ್ಟು ತಾಳುವ ಗುಣ ಅದಕ್ಕೆ ಸಹಜವಾಗಿರುತ್ತದೆ.

ಎರಡನೆಯದು ಹದ. ಉಕ್ಕು ಎಷ್ಟು ಒಳ್ಳೆಯದಿದ್ದರೂ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಮಂದ ಶಾಖದಲ್ಲಿ ಹದಗೊಳಿಸದಿದ್ದರೆ ಅಲಗು ಒಂದೋ ಬಾಗುತ್ತದೆ, ಇಲ್ಲವೇ ಗಾಜಿನಂತೆ ಸಿಡಿಯುತ್ತದೆ. ಹದವಾದ ಅಲಗನ್ನು ಗ್ರೈಂಡಿಂಗ್ ಚಕ್ರಕ್ಕೆ ಒತ್ತಿ ಹಿಡಿದರೆ ಬಾಯಿಯ ಅಂಚು ನೀಲಿಗಟ್ಟುತ್ತದೆ. ಸುಮಾರು 300 ಡಿಗ್ರಿ ಶಾಖ ತಗಲಿ ಅಲ್ಲಿಯ ಗಡಸುತನ ಇಳಿದಿದೆ ಎಂಬುದಕ್ಕೆ ಅದು ಗುರುತು. ಅಲಗಿಗೆ ಕಪ್ಪು ಬಣ್ಣ ಬಳಿದರೆ ಈ ಗುರುತು ಮುಚ್ಚಿಹೋಗುತ್ತದೆ. ಆದ್ದರಿಂದ ಕಪ್ಪು ಲೇಪದ ಚಾಕುವನ್ನು ಸಗಟಾಗಿ ಕೊಳ್ಳುವ ವ್ಯಾಪಾರಿ ಒಂದು ಮಾದರಿಯ ಲೇಪವನ್ನು ತೆಗೆಸಿ ನೋಡಿಯೇ ಉಳಿದುದನ್ನು ತರಿಸುವುದು ಒಳಿತು.

ಮೂರನೆಯದು, ಹಿಡಿಯ ಒಳಗಿನ ಭಾಗ. ಎಲ್ಲಕ್ಕಿಂತ ಅಪಾಯಕಾರಿಯಾದುದು ಇದೇ. ಕೆಲಸದ ಚಾಕುವಿನಲ್ಲಿ ಅಲಗಿನ ಬಾಲವು ಹಿಡಿಯ ಕೊನೆಯವರೆಗೂ ಹಾಯ್ದಿರಬೇಕು. ಅಗ್ಗದ ನಕಲುಗಳಲ್ಲಿ ಒಂದೆರಡು ಇಂಚಿನ ಗಿಡ್ಡ ಬಾಲಕ್ಕೆ ತೆಳುವಾದ ಸರಳನ್ನು ಬೆಸುಗೆ ಹಾಕಿ, ತುದಿಗೆ ನಟ್ಟು ಬಿಗಿದಿರುವುದುಂಟು. 1982ರ “ಫಸ್ಟ್ ಬ್ಲಡ್” ಚಲನಚಿತ್ರದ ನಂತರ ಜನಪ್ರಿಯವಾದ ಟೊಳ್ಳು ಹಿಡಿಯ ಚಾಕುಗಳ ಅಗ್ಗದ ನಕಲುಗಳ ದೋಷವೂ ಇದೇ. ಜೋರಾಗಿ ಒಂದೆರಡು ಪೆಟ್ಟು ಹಾಕಿದಾಗ ಬೆಸುಗೆ ಬಿಟ್ಟು ಅಲಗು ಹಾರಿದರೆ ಅದು ಯಾರ ಮೈಗೆ ತಗಲುವುದೋ ಹೇಳಲಾಗದು. ಹಿಡಿಯ ತುದಿಯಲ್ಲಿ ಅಲಗಿನ ಉಕ್ಕು ಕಾಣುವಂತಿದ್ದರೆ ಒಳ್ಳೆಯ ಲಕ್ಷಣ. ಕಾಣದಿದ್ದರೆ ತಯಾರಕನಿಂದ ಲಿಖಿತವಾಗಿ ಕೇಳಿ ತಿಳಿಯಬೇಕು. ಉತ್ತರ ಬಾರದಿದ್ದರೆ ಆ ಮಾಲನ್ನು ಅಲಂಕಾರದ ವಸ್ತುವೆಂದು ಮಾತ್ರ ಮಾರಬೇಕು.

ಕಾನೂನಿನ ದೃಷ್ಟಿ

ಈ ವ್ಯಾಪಾರದಲ್ಲಿ “ಒಂಬತ್ತು ಇಂಚಿನೊಳಗಿದ್ದರೆ ಯಾವ ತೊಂದರೆಯೂ ಇಲ್ಲ” ಎಂಬ ಮಾತು ಬಾಯಿಂದ ಬಾಯಿಗೆ ಹರಿದಾಡುತ್ತದೆ. ಅದು ಅರ್ಧ ಸತ್ಯ. 1959ರ ಆಯುಧ ಕಾಯ್ದೆ ಕೇವಲ ಗೃಹ ಅಥವಾ ಕೃಷಿ ಬಳಕೆಗೆಂದು ರೂಪಿಸಿದ ವಸ್ತುಗಳನ್ನು ಆಯುಧದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. 2016ರ ಆಯುಧ ನಿಯಮಗಳ ಐದನೆಯ ವರ್ಗದಲ್ಲಿ ಖಡ್ಗ, ಕಠಾರಿ, ಬಯೊನೆಟ್‌ಗಳ ಹೆಸರಿದ್ದು, ಅದರೊಂದಿಗೆ ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಳ್ಳ ಚಾಕುಗಳ ಉಲ್ಲೇಖವಿದೆ. ಗೃಹ, ಕೃಷಿ, ವೈಜ್ಞಾನಿಕ ಹಾಗೂ ಕೈಗಾರಿಕಾ ಉದ್ದೇಶದವುಗಳಿಗೆ ವಿನಾಯಿತಿಯಿದೆ. ಅಂದರೆ ಅಳತೆಯ ಜೊತೆಗೆ ಉದ್ದೇಶವನ್ನೂ ಕಾನೂನು ನೋಡುತ್ತದೆ. ಏಳು ಇಂಚಿನ ಕಠಾರಿಯನ್ನು ಅಳತೆಪಟ್ಟಿಯೊಂದೇ ಕಾಪಾಡುತ್ತದೆ ಎಂದು ನಂಬಿ ದಾಸ್ತಾನು ಮಾಡುವುದು ಜಾಣತನವಲ್ಲ. “ಯುದ್ಧದ ಚಾಕು” ಎಂದು ಫಲಕ ಹಾಕಿ ಮಾರಿದವನು, ಮುಂದೆ ಅದು ಕೃಷಿ ಉಪಕರಣವೆಂದು ವಾದಿಸುವುದೂ ಕಷ್ಟ.

ಆಮದಿನಲ್ಲಿಯೂ ಇದೇ ಪ್ರಶ್ನೆ ಎದುರಾಗುತ್ತದೆ. ಸುಂಕ ಪಟ್ಟಿಯ 8211ನೇ ಶೀರ್ಷಿಕೆ ಚಾಕುಗಳದು, ಅದರೊಳಗೆ 8211.92 ಮಡಚದ ಅಲಗಿನ ಇತರ ಚಾಕುಗಳದು. 9307ನೇ ಶೀರ್ಷಿಕೆ ಖಡ್ಗ, ಬಯೊನೆಟ್ ಮೊದಲಾದ ಆಯುಧಗಳದು. ಆಯುಧವೆಂದು ಪರಿಗಣಿತವಾದುದರ ಆಮದಿಗೆ ಆಯುಧ ಕಾಯ್ದೆಯ 10ನೇ ಕಲಮಿನ ಪರವಾನಗಿ ಬೇಕಾಗುತ್ತದೆ. ಬಂದರಿನಲ್ಲಿ ಮಾಲು ನಿಂತ ಮೇಲೆ ಈ ಭೇದವನ್ನು ಅರಿಯುವುದಕ್ಕಿಂತ ಆದೇಶ ಕೊಡುವ ಮುನ್ನ ಅರಿಯುವುದು ಲಾಭಕರ. 8211ರ ಸರಕುಗಳ ಜಿಎಸ್‌ಟಿ 2022ರ ಜುಲೈ 18ರಿಂದ ಶೇ. 12ರ ಬದಲು ಶೇ. 18 ಆಯಿತು ಎಂಬುದನ್ನೂ ಲೆಕ್ಕದಲ್ಲಿರಿಸಿಕೊಳ್ಳಬೇಕು.

ಇನ್ನು ಗ್ರಾಹಕನ ಹಕ್ಕು. ವಿವರಣೆ ನೀಡಿ ಮಾರಿದ ಸರಕು ಆ ವಿವರಣೆಗೆ ಹೊಂದಿಕೆಯಾಗಿರಲೇಬೇಕೆಂದು 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಮು ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿದೆ. ಸರಕಿನ ತಯಾರಕನು ಯಾರೆಂದು ಗೊತ್ತಿಲ್ಲದಿದ್ದರೆ, ಅಥವಾ ಮಾರಾಟಗಾರನು ತಾನೇ ಪ್ರತ್ಯೇಕ ಭರವಸೆ ಕೊಟ್ಟು ಸರಕು ಅದಕ್ಕೆ ಹೊಂದದೆ ಹಾನಿಯಾದರೆ, ಹೊಣೆ ಮಾರಾಟಗಾರನ ಮೇಲೆಯೇ ಬರುತ್ತದೆ. ಹೆಸರಿಲ್ಲದ ಪೆಟ್ಟಿಗೆಯಲ್ಲಿ ಬಂದ ಚಾಕುವನ್ನು “ಇದು ಮುರಿಯುವುದೇ ಇಲ್ಲ” ಎಂದು ಹೇಳಿ ಮಾರುವ ಅಂಗಡಿಕಾರನು ಎರಡೂ ಹೊಣೆಗಳನ್ನು ಒಮ್ಮೆಗೇ ಹೊತ್ತುಕೊಳ್ಳುತ್ತಾನೆ.

ಗೋಕಾಕದ ಬೊಂಬೆಯ ಪಾಠ

ಹಾಗಾದರೆ ಪ್ರತಿಕೃತಿಯ ವ್ಯಾಪಾರವೇ ಬೇಡವೆ? ಹಾಗೆನ್ನಲಾಗದು. ಡೆಹರಾಡೂನಿನ ವಿಂಡ್ಲಾಸ್ ಸ್ಟೀಲ್‌ಕ್ರಾಫ್ಟ್ಸ್ 1943ರಲ್ಲಿ ಗೂರ್ಖಾ ಸೈನಿಕರ ಖುಕುರಿಗಳಿಂದ ಆರಂಭವಾಗಿ, ಇಂದು ಐತಿಹಾಸಿಕ ಖಡ್ಗ–ಕಠಾರಿಗಳ ಪ್ರತಿಕೃತಿಗಳನ್ನು ಹೊರದೇಶಗಳಿಗೆ ಕಳುಹಿಸುವ ಸಂಸ್ಥೆಯಾಗಿದೆ. ಅದರ ಅಮೆರಿಕದ ಸೋದರ ಸಂಸ್ಥೆಯ ಹೆಸರೇ “ಮ್ಯೂಸಿಯಂ ರೆಪ್ಲಿಕಾಸ್”. ಪ್ರತಿಕೃತಿ ಎಂಬ ಮಾತನ್ನು ಹೆಸರಿನಲ್ಲಿಯೇ ಇಟ್ಟುಕೊಂಡರೂ ವ್ಯಾಪಾರಕ್ಕೆ ಕುಂದು ಬಂದಿಲ್ಲ.

ಇಷ್ಟು ದೂರ ಹೋಗಬೇಕೆಂದೂ ಇಲ್ಲ. ಮರದಲ್ಲಿ ಮಾಡಿ ಬಣ್ಣ ಹಾಕಿದ ಮಾವು, ಸೀತಾಫಲ, ಬದನೆಕಾಯಿಗಳಿಗೆ ಗೋಕಾಕ ಹೆಸರಾದುದು. ಹಣ್ಣೆಂದೇ ಭ್ರಮೆ ಹುಟ್ಟಿಸುವಷ್ಟು ನೈಜವಾದ ಅವುಗಳನ್ನು ಕೊಂಡವನು ಎಂದೂ ಮೋಸಹೋದೆನೆಂದು ದೂರಿಲ್ಲ. ಮಾರುವವನು ಅದನ್ನು ಬೊಂಬೆಯೆಂದೇ ಮಾರುತ್ತಾನೆ. ಆ ಬೊಂಬೆಗಳನ್ನು ಮಾಡುವ ಜೀನಗಾರರ ಹೆಸರಿನಲ್ಲಿ ಕುದುರೆಯ ಜೀನಿನ ನೆನಪಿದೆ. ಬದಲಾದ ಕಾಲಕ್ಕೆ ತಕ್ಕ ಕಸುಬನ್ನು ಹುಡುಕಿಕೊಂಡು, ತಾವು ಮಾಡುವುದು ಏನೆಂಬುದನ್ನು ಮರೆಮಾಚದೆ ಬದುಕಿದ ಇಂಥ ಕುಶಲಕರ್ಮಿಗಳ ದಾರಿ ಇಂದಿನ ವರ್ತಕನಿಗೂ ಸಲ್ಲುತ್ತದೆ.

ಸಣ್ಣ ತಯಾರಕರಿಗೆ ಇಲ್ಲಿ ಒಂದು ಅವಕಾಶವೂ ಇದೆ. ಬೆಳಗಾವಿಯ ಉದ್ಯಮಬಾಗದ ಘಟಕಗಳಿಗೆ ಎರಕ, ಯಂತ್ರಕೆಲಸ, ಹೀಟ್ ಟ್ರೀಟ್‌ಮೆಂಟ್ ಪರಿಚಿತವಾದವು. ಡೈ ತಯಾರಿಕೆಗೆ ಬಳಸುವ ಡಿ2 ಉಕ್ಕಿನ ಗುಣ ಅಲ್ಲಿಯ ಕುಶಲ ಕಾರ್ಮಿಕರಿಗೆ ಗೊತ್ತು. ಕಬ್ಬಿನ ಸೀಮೆಯ ಕಂಬಾರನಿಗೆ ಅಲಗಿನ ಹದ ಗೊತ್ತು. ಈ ಎರಡು ತಿಳಿವಳಿಕೆಗಳು ಸೇರಿದರೆ ಒಂದೇ ಬದಿಗೆ ಬಾಯಿಯಿರುವ, ಐದಾರು ಇಂಚಿನ, ಹಿಡಿಯ ಕೊನೆಯವರೆಗೆ ಉಕ್ಕು ಹಾಯ್ದ, ಹೊಲ–ತೋಟ–ಚಾರಣಗಳಿಗೆ ಸಲ್ಲುವ ಚಾಕುವನ್ನು ಸಾಮಾನ್ಯರ ಕೈಗೆಟುಕುವ ಬೆಲೆಯಲ್ಲಿ ತಯಾರಿಸುವುದು ಅಸಾಧ್ಯವಲ್ಲ. ಅದಕ್ಕೆ ಯಾವ ಸೇನೆಯ ಲಾಂಛನವೂ ಬೇಕಿಲ್ಲ. ತಯಾರಿಸಿದ ಊರಿನ ಹೆಸರು ಸಾಕು. ತಯಾರಿಕೆಗೆ ಕೈಹಾಕುವ ಮೊದಲು ವಿನ್ಯಾಸವನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ತೋರಿಸಿ ಲಿಖಿತ ಅಭಿಪ್ರಾಯ ಪಡೆಯುವುದು ಕ್ಷೇಮ.

ಆಯುಧದಂತೆ ಕಾಣುವ ವಸ್ತುವನ್ನು ಪೇಟೆಯಲ್ಲಿಡುವುದೇ ತಪ್ಪೆಂದು ಹಿರಿಯ ವರ್ತಕರು ಹೇಳುವುದುಂಟು. ಆ ಆತಂಕ ನಿರಾಧಾರವಲ್ಲ. ಹದಿಹರೆಯದವರ ಕೈಗೆ, ಜಾತ್ರೆ–ಚುನಾವಣೆಗಳ ಗದ್ದಲದಲ್ಲಿ ಇಂಥ ಚಾಕು ಸಿಗುವುದು ಯಾರಿಗೂ ಹಿತವಲ್ಲ. ಆದರೆ ಒಬ್ಬ ವರ್ತಕನು ಮಾರುವುದನ್ನು ನಿಲ್ಲಿಸಿದ ಮಾತ್ರಕ್ಕೆ ವಸ್ತು ಮಾಯವಾಗದು. ಕೊಳ್ಳುವವನು ಯಾರೆಂದೇ ನೋಡದ ಮಾರಾಟದ ಕಡೆಗೆ ಅದು ಸರಿಯುತ್ತದೆ. ಅಪ್ರಾಪ್ತರಿಗೆ ಕೊಡದಿರುವುದು, ಎರಡು ಬದಿಗೆ ಬಾಯಿಯಿರುವ ಕಠಾರಿಗಳನ್ನು ದಾಸ್ತಾನು ಮಾಡದಿರುವುದು, ಸೊಂಟಕ್ಕೆ ಕಟ್ಟಿಕೊಂಡು ತಿರುಗಬಾರದೆಂದು ಕೊಳ್ಳುವವನಿಗೆ ತಿಳಿಹೇಳುವುದು ಪರಿಚಿತ ಅಂಗಡಿಯಲ್ಲಿ ಮಾತ್ರ ಸಾಧ್ಯ.

ಆದ್ದರಿಂದ ವರ್ತಕರು ಪ್ರತಿಯೊಂದು ಚಾಕುವಿನ ಬಿಲ್ಲಿನಲ್ಲಿ ನಾಲ್ಕು ಅಂಶಗಳನ್ನು ಬರೆಯುವ ಪದ್ಧತಿಯನ್ನು ತಾವಾಗಿಯೇ ರೂಢಿಸಿಕೊಳ್ಳಬೇಕು: ತಯಾರಕ ಅಥವಾ ಆಮದುದಾರನ ಹೆಸರು, ಉಕ್ಕಿನ ವರ್ಗ, ಅಲಗಿನ ಉದ್ದ ಹಾಗೂ ಬಾಲದ ಬಗೆ, ಅಲಂಕಾರಕ್ಕೋ ಕೆಲಸಕ್ಕೋ ಎಂಬ ಉದ್ದೇಶ. ಪ್ರತಿಕೃತಿಯಾಗಿದ್ದರೆ ಹಾಗೆಂದೇ ನಮೂದಿಸಬೇಕು. ಈ ವಿವರಗಳನ್ನು ಕೊಡಲಾಗದ ಸಗಟು ವ್ಯಾಪಾರಿಯಿಂದ ಮಾಲು ತರಿಸದಿರುವ ನಿರ್ಧಾರವನ್ನು ಮೂರೂ ತಾಲೂಕುಗಳ ಅಂಗಡಿಕಾರರು ಒಟ್ಟಾಗಿ ಕೈಗೊಂಡರೆ ಸಗಟು ಪೇಟೆಯೂ ದಾರಿಗೆ ಬರುತ್ತದೆ. ಕೊಳ್ಳುವವನು ಕೊಟ್ಟ ಹಣಕ್ಕೆ ತಾನು ಏನನ್ನು ಪಡೆಯುತ್ತಿದ್ದೇನೆಂದು ಅರಿತು ಕೊಳ್ಳುತ್ತಾನೆ. ಒಳ್ಳೆಯ ಅಲಗನ್ನು ಮಾಡಬಲ್ಲ ಸ್ಥಳೀಯ ತಯಾರಕನಿಗೆ ಹೆಸರಿಲ್ಲದ ಮಾಲಿನೊಡನೆ ನ್ಯಾಯವಾಗಿ ಪೈಪೋಟಿ ಮಾಡುವ ಅವಕಾಶ ದೊರೆಯುತ್ತದೆ.