ಎದುರು ಪಕ್ಷದ ಪೀಠ

ಈಚಿನ ವರ್ಷಗಳಲ್ಲಿ ನಮ್ಮ ಮೈಸೂರು ಸೀಮೆಯ ವಿದ್ಯಾಶಾಲೆಗಳಲ್ಲಿಯೂ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಸಮ್ಮೇಳನಗಳು ನಡೆಯುತ್ತಿರುವುದನ್ನು ವಾಚಕರು ಬಲ್ಲರು. ವಿಶ್ವಸಂಸ್ಥೆಯ ಮಾದರಿಯಲ್ಲಿ ಸಭೆ ಸೇರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ದೇಶವನ್ನು ಹಂಚಿಕೊಡುತ್ತಾರೆ. ಅವರು ಆ ದೇಶದ ಪ್ರತಿನಿಧಿಗಳಾಗಿ ಭಾಷಣ ಮಾಡಿ, ಇತರರೊಡನೆ ಸಮಾಲೋಚಿಸಿ, ನಿರ್ಣಯವನ್ನು ಬರೆದು ಮತಕ್ಕೆ ಹಾಕತಕ್ಕದ್ದು. ಬಯಸಿದ ದೇಶವೇ ಬರುವುದೆಂಬ ನಿಯಮವಿಲ್ಲ.

ತೊಡಕು ಇರುವುದು ಇಲ್ಲಿಯೇ. ತಿರುಮಕೂಡಲಿನ ಗೃಹಸ್ಥರೊಬ್ಬರು ತಮ್ಮ ಮಗಳನ್ನು ಇಂತಹ ಸಮ್ಮೇಳನಕ್ಕೆ ಕಳುಹಿಸಲು ಹಿಂದೆಗೆದರು. ಚರ್ಚೆಯ ವಿಷಯ ಸಿಂಧೂ ನದಿಯ ನೀರು. ಹುಡುಗಿಗೆ ಬಂದ ಪೀಠ ಪಾಕಿಸ್ತಾನದ್ದು. "ಹಗೆಯವರ ಪರವಾಗಿ ನಮ್ಮ ಮಗು ಬಾಯಿ ತೆರೆಯಬೇಕೆ, ಮೇಷ್ಟ್ರೆ?" ಎಂದು ನಮ್ಮನ್ನು ಕೇಳಿದರು. ಪ್ರಶ್ನೆಯು ಅಲ್ಪವಾದುದಲ್ಲ. 2025ರ ಏಪ್ರಿಲಿನಲ್ಲಿ ಪಹಲ್‌ಗಾಮಿನ ಹತ್ಯೆಗಳು ನಡೆದ ತರುವಾಯ, 1960ರ ಸಿಂಧೂ ಒಪ್ಪಂದವನ್ನು ಭಾರತವು ಅಮಾನತಿನಲ್ಲಿರಿಸಿತು. ಗಾಯ ಇನ್ನೂ ಹಸಿಯಾಗಿದೆ.

ಆದರೂ ಕಳುಹಿಸಿರೆಂದೇ ನಾವು ಹೇಳಿದೆವು. ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವನ್ನು ಹೇಳದೆ ಸಿದ್ಧಾಂತಕ್ಕೆ ಬರುತ್ತಿರಲಿಲ್ಲ. ಶಂಕರರು ಸಾಂಖ್ಯರ ವಾದವನ್ನು ವಿಸ್ತಾರವಾಗಿ ನಿರೂಪಿಸಿದರೆಂದು ಅವರನ್ನು ಸಾಂಖ್ಯರೆಂದು ಕರೆದವರುಂಟೆ? ಪೂರ್ವಪಕ್ಷವು ದುರ್ಬಲವಾದರೆ ಅದನ್ನು ಗೆದ್ದ ಸಿದ್ಧಾಂತಕ್ಕೂ ಬಲವಿಲ್ಲ.

ರಾಜ್ಯ ರಾಜ್ಯಗಳ ಸಂಬಂಧವನ್ನು ವಿವರಿಸುವ ಕೌಟಿಲ್ಯನ ಅರ್ಥಶಾಸ್ತ್ರವು ಲೋಕಕ್ಕೆ ಮರಳಿ ದೊರೆತುದು ನಮ್ಮ ಮೈಸೂರಿನಲ್ಲಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಇಲ್ಲಿಯ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ಓಲೆಯ ಪ್ರತಿಯನ್ನು ರುದ್ರಪಟ್ಟಣದ ಶಾಮಶಾಸ್ತ್ರಿಗಳು ಪರಿಶೋಧಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರರಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು, ತನ್ನ ಬಲದೊಡನೆ ನೆರೆಯವನ ಬಲವನ್ನೂ ತೂಗಿಯೇ ಗೊತ್ತುಮಾಡಬೇಕು. ನೆರೆಯವನ ಮಾತನ್ನೇ ಕೇಳದವನು ತೂಗುವುದಾದರೂ ಏನನ್ನು?

ನೀರಿನ ವ್ಯಾಜ್ಯವನ್ನು ನಮ್ಮೂರಿನವರಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ. 1892 ಮತ್ತು 1924ರ ಒಪ್ಪಂದಗಳಿಂದ ಹಿಡಿದು, ಸಾಧಾರಣ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿ.ಎಂ.ಸಿ. ನೀರು ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ವಿಧಿಸಿದ ತೀರ್ಪಿನವರೆಗೆ ನಾವು ಮೇಲ್ದಂಡೆಯವರಾಗಿ ವಾದಿಸಿದ್ದೇವೆ. ಆದರೆ ನಮ್ಮ ಸಂಗಮದಲ್ಲಿ ಕಾವೇರಿಯನ್ನು ಕೂಡುವ ಕಪಿಲೆಯು ಕೇರಳದ ವಯನಾಡಿನಿಂದ ಬರುವವಳು. ಆ ನದಿಯ ಮಟ್ಟಿಗೆ ನಾವೇ ಕೆಳದಂಡೆಯವರು. ಮೇಲೆ ಕಟ್ಟೆ ಕಟ್ಟಿದರೆ ಕೆಳಗಿನವನಿಗೆ ಉಂಟಾಗುವ ಅಂಜಿಕೆ ಎಂತಹುದೆಂಬುದನ್ನು ಊಹಿಸುವುದು ನಮಗೆ ಕಷ್ಟವಾಗಬಾರದು.

ಹುಡುಗಿ ಹೋದಳು, ಒಂದು ದಿನ ನಾವೂ ಸಭೆಯಲ್ಲಿ ಕುಳಿತು ಕೇಳಿದೆವು. ಕೆಳದಂಡೆಯ ಬೇಸಾಯಗಾರನ ಭಯವನ್ನು ಅವಳು ಅಚ್ಚುಕಟ್ಟಾಗಿ ನಿರೂಪಿಸಿದಳು. ಭಾರತದ ಪೀಠದಲ್ಲಿದ್ದ ಹುಡುಗನು ಎದ್ದು, "ನೀರಿನ ಮಾತು ಹಾಗಿರಲಿ, ಸತ್ತವರ ಮಾತಿಗೆ ನಿಮ್ಮ ಉತ್ತರವೇನು?" ಎಂದನು. ಅವಳಿಗೆ ಉತ್ತರವು ಸುಲಭವಾಗಿ ದೊರೆಯಲಿಲ್ಲ. ದೊರೆಯದುದೂ ಒಂದು ಪಾಠವೇ: ಯಾವ ವಾದ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದು ಅದನ್ನು ಹೊತ್ತು ನಡೆದವರಿಗೆ ತಿಳಿಯುವಂತೆ ದೂರದಲ್ಲಿ ನಿಂತು ಬೈದವರಿಗೆ ತಿಳಿಯದು.

ಇವೆಲ್ಲ ನಮಗೆ ಎಟುಕದ ಲೋಕದ ಮಾತುಗಳೆಂದು ತಾಯಿತಂದೆಗಳು ತಿಳಿಯಬಾರದು. 1945ರ ಜೂನ್ 26ರಂದು ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಸಹಿಮಾಡಿದ ರಾಮಸ್ವಾಮಿ ಮೊದಲಿಯಾರರು ಮರುವರ್ಷ ಮೈಸೂರಿನ ದಿವಾನರಾದರು.

ಗೃಹಸ್ಥರಿಗೆ ಎರಡು ಸೂಚನೆಗಳನ್ನು ಕೊಡುತ್ತೇವೆ. ಸಮ್ಮೇಳನದ ಶುಲ್ಕ, ಹೊಸ ಕೋಟು, ಇವುಗಳಿಗಾಗಿ ಸಾಲಮಾಡುವುದು ಬೇಡ. ಒಗೆದ ಬಟ್ಟೆ ಸಾಕು. ಹೊರಡುವ ಮೊದಲು ಮಗುವು ತನ್ನ ವಾದವನ್ನು ಮನೆಯ ಹಿರಿಯರ ಮುಂದೆ ತಿಳಿಗನ್ನಡದಲ್ಲಿ ಹೇಳಲಿ; ಅಜ್ಜಿಗೆ ಅರ್ಥವಾಗದಿದ್ದರೆ ಮಗುವಿಗೂ ಪೂರ್ತಿ ಅರ್ಥವಾಗಿಲ್ಲವೆಂದು ತಿಳಿಯಿರಿ. ಹಿಂದಿರುಗಿದ ದಿನ ಬಹುಮಾನ ಬಂದಿತೆ ಎಂದು ಕೇಳುವುದಕ್ಕೆ ಮುಂಚೆ, ಎದುರಿಗಿದ್ದವರು ಏನು ಹೇಳಿದರು ಎಂದು ಕೇಳಿರಿ.