ನುಡಿಯ ನೆಲೆ: ‘ಕಾನ್‌ಸ್ಟಿಟ್ಯೂಟ್’

ಸಮಿತಿಯನ್ನು ರಚಿಸುವ ಆಂಗ್ಲ ಆದೇಶಪತ್ರಗಳಲ್ಲಿ ‘ಕಾನ್‌ಸ್ಟಿಟ್ಯೂಟ್’ ಎಂಬ ಗಂಭೀರ ಕ್ರಿಯಾಪದವು ಕಾಣಸಿಗುತ್ತದೆ. ‘ಒಡಗೂಡಿಸಿ ನಿಲ್ಲಿಸು’ ಎಂಬುದು ಅದರ ಲ್ಯಾಟಿನ್ ಮೂಲದ ಭಾವ. ವಿಧಿವತ್ತಾಗಿ ಸ್ಥಾಪಿಸುವುದು ಅದರ ಒಂದು ಅರ್ಥ. ಬಿಡಿ ಅಂಗಗಳು ಕೂಡಿ ಇಡಿಯಾಗುವುದು ಮತ್ತೊಂದು. ಐವರು ಸದಸ್ಯರು ಸಮಿತಿಯನ್ನು ‘ಕಾನ್‌ಸ್ಟಿಟ್ಯೂಟ್’ ಮಾಡುತ್ತಾರೆಂದರೆ, ಆ ಐವರೇ ಸಮಿತಿಯೆಂದು ತಿಳಿಯತಕ್ಕದ್ದು.

ಸಂವಿಧಾನಕ್ಕಿರುವ ಆಂಗ್ಲ ಹೆಸರೂ ಇದರಿಂದಲೇ ಹುಟ್ಟಿದೆ. 1949ರ ನವೆಂಬರ್ 26ರಂದು ಅಂಗೀಕೃತವಾದ ನಮ್ಮ ಸಂವಿಧಾನದ ಪ್ರಸ್ತಾವನೆಯಲ್ಲಿ ಈ ಕ್ರಿಯಾಪದಕ್ಕೆ ಭಾರತದ ಜನತೆಯೇ ಕರ್ತೃ. ಗಣರಾಜ್ಯವನ್ನು ಸ್ಥಾಪಿಸುವವರೂ ಅವರೇ, ಅದರ ಅಂಗಗಳೂ ಅವರೇ. ಹೀಗೆ ಪದದ ಎರಡು ಅರ್ಥಗಳೂ ಇಲ್ಲಿ ಸಂಗಮಿಸಿವೆ.

ಆದೇಶದಿಂದ ಸಂಘವು ಸ್ಥಾಪಿತವಾದೀತು. ಸದಸ್ಯರು ಬಂದು ಹೊಣೆ ಹೊತ್ತಾಗಲೇ ಅದಕ್ಕೆ ಜೀವ. ಮಕ್ಕಳಿಗೆ ಈ ಪದವನ್ನು ಕಲಿಸುವಾಗ ಈ ಹೊಣೆಯನ್ನೂ ತಿಳಿಸೋಣ.